ಗಾಲಿಯ ಕೆಳಗಿನ ಬೆಣೆ

ಅವರ ಅಂಗಿಯ ಜೇಬಿನಲ್ಲಿ ದಿನವೂ ಒಂದು ಬಸ್ ಟಿಕೀಟು ಇರುತ್ತಿತ್ತು. ಬೆಳಿಗ್ಗೆ ಹಳಿಯಾಳದಿಂದ ದಾಂಡೇಲಿಗೆ ಬರುವ ಬಸ್ಸಿನದು. ನಾವೆಲ್ಲ ಇಳಿಯುವ ಮೊದಲೇ ಮುದ್ದೆ ಮಾಡಿ ಬಿಸಾಡುವ ಆ ಚೀಟಿಯನ್ನು ಅವರು ನನ್ನ ವರ್ಕ್‌ಶಾಪಿನ ತನಕ ಜೋಪಾನವಾಗಿ ತಂದು, ಗರಗಸದ ಮೇಜಿನ ಮೇಲೆ ಹರಡಿ, ಉಗುರಿನಿಂದ ಗೀರಿ ಗೀರಿ ನಾಲ್ಕು ಸಲ ಮಡಚುತ್ತಿದ್ದರು. ಆ ಮಡಿಕೆ ಅವರ ಆ ದಿನದ ಅಳತೆ. ಮೇಜಿನ ಮೇಲೆ ನೆಟ್ಟನೆಯ ಉಕ್ಕಿನ ಪಟ್ಟಿ ಇಟ್ಟು, ಅದರ ತುದಿಯನ್ನು ಆಚೆ ನಿಂತ, ಉದ್ದ ಹಲಗೆಗೆ ಆಸರೆ ಕೊಡುವ ಗಾಲಿಯ ಮೇಲಕ್ಕೆ ಚಾಚಿ, ಪಟ್ಟಿಗೂ ಗಾಲಿಗೂ ನಡುವೆ ಟಿಕೀಟು ತೂರಿಸುವರು. ಅದು ಸಿಕ್ಕಿಕೊಳ್ಳದೆ, ಜಾರಿಯೂ ಬೀಳದೆ ನಿಂತರೆ ಎತ್ತರ ಸರಿ.

“ಗಾಲಿ ಮೇಜಿಗಿಂತ ಇಷ್ಟ ಕೆಳಗ ಇರಬೇಕ್ರಿ,” ಎನ್ನುತ್ತಿದ್ದರು. “ಹಲಗಿ ತಾನ ಬಂದು ಅದರ ಮ್ಯಾಲೆ ಕುಂದರಬೇಕು. ಹತ್ತಸಾಕ ಹೋದ್ರ ಸಿಟ್ಟಿಗೇಳತೈತಿ.”

ಎಲ್ಲರಿಗೂ ಅವರು ಚಾಚಾ. ನನಗೂ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಕೆಡಿಸಿದ ಬಾಯಿ ನನ್ನದು. ಕಾಗದದ ಮೇಲೆ ಅದನ್ನು ಎತ್ತಲು ಕೈ ಬರುತ್ತಿಲ್ಲ.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಇಪ್ಪತ್ತು ವರ್ಷ ದಾಂಡೇಲಿಯ ಕಾಗದದ ಮಿಲ್ಲಿನ ಕಚೇರಿಯಲ್ಲಿ ಕುಳಿತವನು, ಸ್ವಯಂನಿವೃತ್ತಿ ತೆಗೆದುಕೊಂಡು ಬಾಗಿಲು, ಚೌಕಟ್ಟು, ಮಂಚ ಮಾಡುವ ವರ್ಕ್‌ಶಾಪು ಹಾಕಿದೆ. ಕಟ್ಟಿಗೆಯ ವಾಸನೆ ಇಷ್ಟ, ಗರಗಸದ ಸದ್ದೆಂದರೆ ಭಯ. ಇಂಥವನು ಈ ಧಂದೆಗೆ ಯಾಕೆ ಬಂದ ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವವನು ನಾನು. ಬಂದು ಕೀಲಿ ಜಗ್ಗಿ ನೋಡಿ, ಜಗ್ಗಿದ್ದರಿಂದಲೇ ಅದು ಸಡಿಲಾಯಿತೇನೋ ಎಂದು ಮತ್ತೊಮ್ಮೆ ಜಗ್ಗುವವನು.

ಚಾಚಾ ಇದನ್ನು ಬಂದ ವಾರದಲ್ಲೇ ಕಂಡುಕೊಂಡರು. “ಸಾಹೇಬ್ರ, ಚಿಂತಿ ಮಾಡೂದು ಒಂದು ನೌಕರಿ ಆಗಿದ್ರ ನಿಮಗ ಇಷ್ಟೊತ್ತಿಗೆ ಡಬಲ್ ಪೆನ್ಶನ್ ಬರ್ತಿತ್ತು,” ಎಂದರು. ನನ್ನ ಇಬ್ಬರು ಕೆಲಸಗಾರರು, ಬಸಪ್ಪ ಮತ್ತು ರಫೀಕ, ನಗು ತಡೆಯಲು ಮುಖ ತಿರುಗಿಸಿದರು. ನಾನೂ ನಕ್ಕೆ. ಅವರ ಹಾಸ್ಯ ಹಾಗಿರುತ್ತಿತ್ತು; ಚುಚ್ಚಿದ ಮೇಲೂ ಮೈಮೇಲೆ ಗಾಯ ಸಿಗುತ್ತಿರಲಿಲ್ಲ.

ಎಪ್ಪತ್ತು ದಾಟಿದ ಮನುಷ್ಯ. ಆಯುಷ್ಯವೆಲ್ಲ ಹಳಿಯಾಳ, ಸಾಂಬ್ರಾಣಿ ಊರುಗಳ ಸುತ್ತಿನ ಮನೆಗಳಿಗೆ ಚೌಕಟ್ಟು ಕೂರಿಸಿದವರು. ತಾವು ಮಾಡಿದ ಕುರ್ಚಿಯ ಮೇಲೆ ಎಂದೂ ಕೂರುತ್ತಿರಲಿಲ್ಲ. ಚಹಾ ಬಂದಾಗ ಕಟ್ಟಿಗೆಯ ಹೊಟ್ಟಿನ ಮೇಲೆ ಗೋಣಿಚೀಲ ಹಾಸಿ ಕೂರುವರು. ಹೊಸ ಹಲಗೆ ಬಂದರೆ ಮೊದಲು ಅದರ ಮೇಲೆ ಬಾಯಿಂದ ಗಾಳಿ ಊದಿ, ಆಮೇಲೆ ಅಂಗೈ ಆಡಿಸುವರು. ಬಿಸಿ ಅನ್ನಕ್ಕೆ ಊದುವ ಹಾಗೆ. ಯಾಕೆ ಎಂದು ಕೇಳಿದ್ದಕ್ಕೆ, “ಧೂಳ ಹೋಗಲಿ ಅಂತ್ರಿ. ಮತ್ತೇನ ಅದಕ್ಕ ಮಂತ್ರ ಹಾಕ್ತೇನೇನು?” ಎಂದಿದ್ದರು.

ಗಾಲಿಯ ಕತೆ ಹುಟ್ಟಿದ್ದು ರಫೀಕನ ತಂಗಿಯ ಮದುವೆಯಿಂದ. ಉದ್ದ ಹಲಗೆಯನ್ನು ಗರಗಸಕ್ಕೆ ಕೊಟ್ಟಾಗ ಅದರ ಮುಂದಿನ ತುದಿ ಮೇಜು ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಆಚೆ ಒಬ್ಬ ಹಿಡಿಯದಿದ್ದರೆ ಹಲಗೆ ವಾಲುತ್ತದೆ, ಕೊಯ್ತ ಕೆಡುತ್ತದೆ. ಆ ಹಿಡಿಯುವ ಕೆಲಸ ರಫೀಕನದು. ಅವನು ಎಂಟು ದಿನ ರಜೆ ಹಾಕಿದಾಗ ನನಗೆ ದಾರಿ ಕಾಣದೆ, ಹಲಗೆಗೆ ಆಸರೆ ಕೊಡುವ ಗಾಲಿಯ ಸ್ಟ್ಯಾಂಡಿನ ವಿಡಿಯೊ ಒಂದನ್ನು ಮೊಬೈಲಿನಲ್ಲಿ ಚಾಚಾಗೆ ತೋರಿಸಿದೆ. ಯಾವುದೋ ದೂರದೇಶದ ಬಡಗಿ, ಬಿಳಿ ಗೋಡೆ, ಹೊಳೆಯುವ ನೆಲ. ಚಾಚಾ ಕನ್ನಡಕ ಹಣೆಗೇರಿಸಿ ಪೂರ್ತಿ ನೋಡಿದರು.

“ಇವನ ಅಂಗಡಿ ದವಾಖಾನಿ ಇದ್ದಂಗ ಐತಲ್ರಿ. ಇಂಥಲ್ಲೆ ಕೆಲಸಾ ಮಾಡ್ತಾನೋ, ಆಪರೇಶನ್ ಮಾಡ್ತಾನೋ?”

“ಗಾಲಿ ನೋಡ್ರಿ ಚಾಚಾ.”

“ನೋಡಿದೆ. ನಾವೂ ಮಾಡೂಣು.”

“ಕಂಪನಿದು ತರಿಸಿಬಿಡೂಣ್ರಿ?” ಎಂದೆ. ಮನೆಯಲ್ಲಿ ಮಾಡಿದ್ದು ಮುರಿದರೆ, ಯಾರಿಗಾದರೂ ಬಡಿದರೆ ಎಂದು ಆಗಲೇ ನನ್ನ ತಲೆಯಲ್ಲಿ ಶುರುವಾಗಿತ್ತು. ಅವರು ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಮರುದಿನ ಗುಜರಿ ಅಂಗಡಿಯಿಂದ, ಕಾಗದದ ಸುರುಳಿಯ ನಡುವೆ ಇರುತ್ತದಲ್ಲ, ಆ ದಪ್ಪ ರಟ್ಟಿನ ಕೊಳವೆಗಳನ್ನು ಹೆಗಲ ಮೇಲೆ ಹೊತ್ತು ತಂದರು. ಮಿಲ್ಲಿನ ಊರಿನಲ್ಲಿ ಅದಕ್ಕೇನು ಬರ. ಮೊಳದುದ್ದಕ್ಕೆ ಕೊಯ್ದು, ಎರಡೂ ತುದಿಗೆ ಮತ್ತಿ ಮರದ ಬಿಲ್ಲೆ ಬಡಿದು, ಬಿಲ್ಲೆಯ ನಡುವೆ ಹಳೆಯ ಸ್ಕೂಟರಿನ ಬೇರಿಂಗು ಕೂರಿಸಿ, ಒಳಗೆ ಕಬ್ಬಿಣದ ಸಲಾಕೆ ಪೋಣಿಸಿದರು. ರಟ್ಟು ನಮ್ಮ ಮಳೆಗಾಲಕ್ಕೆ ಉಬ್ಬುತ್ತದೆಂದು ಮೂರು ಸಲ ವಾರ್ನಿಶ್ ಹೊಡೆದರು. ಖಾಲಿ ಎಣ್ಣೆ ಡಬ್ಬಿಗೆ ಸಿಮೆಂಟು ತುಂಬಿ ಅದರಲ್ಲೊಂದು ಪೈಪು ನಿಲ್ಲಿಸಿದರು. ಪೈಪಿನೊಳಗೆ ಮೇಲೆ ಕೆಳಗೆ ಸರಿಯುವ, ಪಕ್ಕದ ಬೋಲ್ಟಿನಿಂದ ಬಿಗಿಯುವ ಮರದ ಕಂಬ. ಕಂಬದ ತಲೆಯ ಮೇಲೆ ಗಾಲಿಯನ್ನು ಹೊತ್ತ ಮರದ ಚೌಕ. ಅದನ್ನು ಅವರು ತೊಟ್ಟಿಲು ಎಂದು ಕರೆಯುತ್ತಿದ್ದರು. ತೊಟ್ಟಿಲನ್ನು ಬೋಲ್ಟು ಹಾಕಿ ಬಿಗಿದಿರಲಿಲ್ಲ, ಬೇಕೆಂದಾಗ ಎತ್ತಿಡಲೆಂದು ಒಂದು ಗೂಟಕ್ಕೆ ಇಳಿಬಿಟ್ಟಿದ್ದರು.

ಮೊದಲ ಗಾಲಿ ಮುಗಿದ ದಿನ ಅದನ್ನು ಒಂದೇ ಬೆರಳಿನಿಂದ ತಿರುಗಿಸಿ ಬಿಟ್ಟರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. “ಇದು ನಿಂದ್ರೂದ್ರಾಗ ಸಾಹೇಬ್ರು ಮೂರು ಚಿಂತಿ ಮಾಡಿ ಮುಗಸ್ತಾರ,” ಎಂದರು ಬಸಪ್ಪನಿಗೆ. ನಿಜ ಹೇಳಬೇಕೆಂದರೆ ನಾಲ್ಕು ಮಾಡಿದ್ದೆ.

ಎತ್ತರ ಸರಿ ಸಿಕ್ಕ ಮೇಲೆ ಕಂಬದ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಎಲ್ಲರೆದುರು ನನಗೇ ಹೇಳಿದರು: “ಈ ಗೆರಿ ನನ್ನದು. ಇದಕ್ಕ ಕೈ ಹಚ್ಚಬ್ಯಾಡ್ರಿ.”

ಗಾಲಿ ಬಂದ ಮೇಲೆ ಚಾಚಾ ಒಬ್ಬರೇ ಹತ್ತಡಿ ಹಲಗೆ ಕೊಯ್ಯುವುದನ್ನು ನೋಡಲು ಜನ ಬರತೊಡಗಿದರು. ಹಾಗೆ ಬಂದವರಲ್ಲಿ ಹಳಿಯಾಳದಲ್ಲಿ ದೊಡ್ಡ ವರ್ಕ್‌ಶಾಪು ಇಟ್ಟಿರುವ ಪಾಟೀಲರೂ ಒಬ್ಬರು. ತಮ್ಮ ಗರಗಸ ಕೆಟ್ಟಿದೆಯೆಂದು ತಲೆಬಾಗಿಲಿನ ಚೌಕಟ್ಟಿಗೆ ತಂದ ನಾಲ್ಕು ಸಾಗುವಾನಿ ಹಲಗೆಗಳನ್ನು ನನ್ನಲ್ಲಿ ಕೊಯ್ಸಲು ಬಂದಿದ್ದರು. ಗಾಲಿಯನ್ನು ತಿರುಗಿಸಿ ನೋಡಿ, “ಚಾಚಾ, ನಮ್ಮಲ್ಲಿಗೂ ಇಂಥಾವು ನಾಲ್ಕು ಮಾಡಿಕೊಡ್ರಿ. ಆಮ್ಯಾಲೆ ಊರಾಗ ಉಳದವರೂ ಕೇಳ್ತಾರ ನೋಡ್ರಿ,” ಎಂದರು. ಚಾಚಾ ಕನ್ನಡಕ ಒರೆಸಿಕೊಂಡರಷ್ಟೆ. ಆದರೆ ಮಧ್ಯಾಹ್ನದ ನಮಾಜಿಗೆ ಹೊರಟಾಗ ಅವರ ಬೆನ್ನು ಎಂದಿಗಿಂತ ನೆಟ್ಟಗಿತ್ತು. ಆಯುಷ್ಯವಿಡೀ ಬೇರೆಯವರು ಹೇಳಿದ ಅಳತೆಗೆ ಚೌಕಟ್ಟು ಮಾಡಿದ ಮನುಷ್ಯನಿಗೆ, ತಾನೇ ಯೋಚಿಸಿ ಮಾಡಿದ್ದೊಂದನ್ನು ಜನ ಕೇಳಿಕೊಂಡು ಬಂದಿದ್ದರು.

ಚಾಚಾ ನಮಾಜಿಗೂ ಪಾಟೀಲರು ಊಟಕ್ಕೂ ಹೋದ ಮೇಲೆ ಗರಗಸದ ಬಳಿ ನಾನೊಬ್ಬನೇ ಉಳಿದೆ. ಹಲಗೆ ನೋಡಿದೆ. ಹನ್ನೆರಡಡಿ, ಕೈಯಗಲ ದಪ್ಪ. ಇಷ್ಟು ಭಾರದ್ದು ಮೇಜು ದಾಟುವಾಗ ಮುಂದಕ್ಕೆ ವಾಲಿದರೆ? ಗಾಲಿ ಸ್ವಲ್ಪ ಮೇಲಿದ್ದರೆ ಒಳ್ಳೆಯದಲ್ಲವೇ? ಗೆರೆ ಮುಟ್ಟಬೇಡವೆಂದಿದ್ದಾರೆ, ಮುಟ್ಟಲಿಲ್ಲ. ಒಂದು ಚೂರು ಕಟ್ಟಿಗೆಯನ್ನು ಬೆಣೆಯಾಗಿ ಕೆತ್ತಿ, ತೊಟ್ಟಿಲಿಗೂ ಕಂಬಕ್ಕೂ ನಡುವೆ ಇಟ್ಟು ಸುತ್ತಿಗೆಯಿಂದ ಎರಡು ಸಲ ತಟ್ಟಿದೆ. ಗಾಲಿ ಅರ್ಧ ಬೆರಳು ಮೇಲೆದ್ದಿತು. ಮನಸ್ಸಿಗೆ ಸಮಾಧಾನವಾಯಿತು. ನನ್ನ ಜೀವನದ ಎಲ್ಲ ಅನಾಹುತಗಳೂ ಇಂಥದೊಂದು ಸಮಾಧಾನದ ಬೆನ್ನಿಗೇ ಬಂದಿವೆ.

ಚಾಚಾ ಬಂದ ಕೂಡಲೇ ಹೇಳಬೇಕೆಂದಿದ್ದೆ. ಆದರೆ ಅವರ ಹಿಂದೆಯೇ ಪಾಟೀಲರು ಬಂದರು. ಅವರೆದುರು “ಕೈ ಹಚ್ಚಿದ್ರೇನು?” ಎಂದು ಅನ್ನಿಸಿಕೊಳ್ಳುವುದು ಬೇಡವೆನಿಸಿತು. ಚಾಚಾ ಕಂಬದತ್ತ ಒಂದು ನೋಟ ಹಾಕಿದರು. ಗೆರೆ ಇದ್ದಲ್ಲೇ ಇತ್ತು. ಬೆಣೆ ಆಚೆ ಬದಿಗಿತ್ತು. ಮಷಿನ್ನು ಚಾಲೂ ಮಾಡಿದರು.

ಹಲಗೆ ಅರ್ಧ ಹೋಗುವ ತನಕ ಎಲ್ಲ ಸರಿಯಿತ್ತು. ಆಮೇಲೆ ಅದರ ತುದಿ ಗಾಲಿಯನ್ನು ಹತ್ತಿತು, ನಡು ಮೇಜು ಬಿಟ್ಟು ಮೇಲೆದ್ದಿತು, ಗರಗಸ ಅದನ್ನು ಕಚ್ಚಿ ಹಿಂದಕ್ಕೆ ಎಸೆಯಿತು. ಹಲಗೆಯ ಹಿಂದಿನ ತುದಿ ಚಾಚಾರ ಸೊಂಟದ ಪಕ್ಕಕ್ಕೆ ಬಡಿಯಿತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆ ಹಿಡಿದು ನಿಂತರು. ಬಸಪ್ಪ ಓಡಿ ಮಷಿನ್ನು ಬಂದ್ ಮಾಡಿದ. ಪಾಟೀಲರ ಸಾಗುವಾನಿ ಮೂರಡಿ ಸೀಳಿತ್ತು.

ಪೆಟ್ಟಾಯಿತೇ ಎಂದು ಕೇಳುವ ಮೊದಲೇ ನನ್ನ ಬಾಯಿಂದ ಬಂದ ಮಾತು ಇದು: “ನಾ ಮೊದಲ ಅಂದಿದ್ದೆ ಚಾಚಾ, ಕಂಪನಿ ಮಾಲು ತರೂಣು ಅಂತ. ಮನ್ಯಾಗ ಮಾಡಿದ್ದು ಎಷ್ಟಂದ್ರೂ ಮನ್ಯಾಗ ಮಾಡಿದ್ದ. ಅದರ ಭರೋಸಾ ಏನು?”

ಎಲ್ಲರೂ ಚಾಚಾರ ಮುಖ ನೋಡಿದರು. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಗಾಲಿಯ ಬಳಿ ಹೋದರು. ಬಗ್ಗಿದರು. ಬೆನ್ನು ನಮ್ಮ ಕಡೆಗಿತ್ತು. ಕೈ ಒಮ್ಮೆ ಜೇಬಿಗೆ ಹೋಗಿ ಬಂತು. ತಿರುಗಿ ನಿಂತು, “ಹೌದ್ರಿ. ಎತ್ತರ ಆಗಿತ್ತು,” ಎಂದರು. ಅಷ್ಟೇ.

ಅದನ್ನು ಎಲ್ಲರೂ ಅವರ ತಪ್ಪೊಪ್ಪಿಗೆ ಎಂದುಕೊಂಡರು. ಪಾಟೀಲರು ಸೀಳಿದ ಹಲಗೆಯನ್ನು ಸವರುತ್ತ, “ವಯಸ್ಸಾತು ಚಾಚಾ, ಕಣ್ಣು ಮೊದಲಿನಂಗ ಎಲ್ಲಿರ್ತಾವ. ಆ ನಾಲ್ಕು ಗಾಲಿ ಅಂದಿದ್ನಲ್ಲ, ಬ್ಯಾಡ ಬಿಡ್ರಿ,” ಎಂದರು. ನಾನು ನೆಲ ನೋಡುತ್ತಿದ್ದೆ. ನೆಲದ ಮೇಲೆ ಬೆಣೆ ಕೆತ್ತಿದ ಸಿಪ್ಪೆಗಳಿದ್ದವು. ಕಾಲಿನಿಂದ ಹೊಟ್ಟಿನೊಳಗೆ ಸರಿಸಿದೆ.

ಚಾಚಾ ಇನ್ನೆರಡು ವಾರ ಕೆಲಸಕ್ಕೆ ಬಂದರು. ಆಮೇಲೆ ಸೊಂಟ ನೋಯುತ್ತದೆಂದು ಮುಂಡಗೋಡಿಗೆ, ಮಗಳ ಮನೆಗೆ ಹೋದರು. ನಾನು ಕಂಪನಿಯ ಸ್ಟ್ಯಾಂಡು ತರಿಸಿದೆ. ಚಾಚಾರ ಗಾಲಿಗಳನ್ನು ಹಿಂದಿನ ಶೆಡ್ಡಿನಲ್ಲಿ ತಾಡಪತ್ರಿಯ ಕೆಳಗೆ ಮುಚ್ಚಿಟ್ಟೆ. ಮಳೆ ನೀರು ಸೋರಿ ರಟ್ಟು ಹಾಳಾದೀತೆಂದು ವಾರಕ್ಕೆರಡು ಸಲ ಹೋಗಿ ತಾಡಪತ್ರಿ ಎತ್ತಿ ನೋಡುತ್ತಿದ್ದೆ. ಅವು ಏನೂ ಆಗಿರಲಿಲ್ಲ. ಮೂರು ಸಲ ವಾರ್ನಿಶ್ ಹೊಡೆದ ಮಾಲು.

ನಾಲ್ಕು ತಿಂಗಳಾದ ಮೇಲೆ ಧೈರ್ಯ ಮಾಡಿ ಮುಂಡಗೋಡಿಗೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದೆನೆಂದರೆ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಚಾಚಾ ಮಗಳ ಮನೆಯ ಕಟ್ಟೆಯ ಮೇಲೆ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದರು.

“ಬರ್ರಿ ಸಾಹೇಬ್ರ. ಅಂಗಡಿ ಕೀಲಿ ಹಾಕಿ ಬಂದೀರಿಲ್ಲೋ? ಇಲ್ಲಿಂದ ತಿರುಗಿ ಹೋಗಾಕ ಭಾಳ ದೂರ ಆಗತೈತಿ.”

ಕೂತೆ. ಹೇಳಿದೆ. ಬಸ್ಸಿನಲ್ಲಿ ಜೋಡಿಸಿದ ಒಂದು ಮಾತೂ ನೆನಪಾಗಲಿಲ್ಲ. ಬೆಣೆ ನಾನೇ ಹೊಡೆದೆ, ಅಂದದ್ದು ಸುಳ್ಳು ಎಂದಷ್ಟೇ ಹೇಳಿದೆ.

ಅವರು ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತ್ರಿ. ಹಂಗ ಸೊಟ್ಟ ಬೆಣಿ ಕೆತ್ತೂ ಕೈ ನಮ್ಮ ಅಂಗಡ್ಯಾಗ ಒಂದ ಇತ್ತು.”

“ಮತ್ತ ಅವತ್ತ ಯಾಕ ಅನ್ನಲಿಲ್ಲ?”

“ಅಂದ್ನಲ್ರಿ, ಎತ್ತರ ಆಗಿತ್ತು ಅಂತ. ಉಳದದ್ದು ನೀವು ಅನ್ನೂದಿತ್ತು.”

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತು, ಮಗಳು ಚಹಾ ತಂದಿಟ್ಟು ಹೋದಳು. ಚಾಚಾ ಎದ್ದು ಒಳಗಿನ ಗೂಟದಲ್ಲಿದ್ದ ಹಳೆಯ ಅಂಗಿಯ ಜೇಬಿನಿಂದ ಆ ಬೆಣೆ ತಂದು ನನ್ನ ಕಪ್ಪಿನ ಪಕ್ಕ ಇಟ್ಟರು. “ನಿಮ್ಮ ಸಾಮಾನು. ತಗೋರಿ. ನನಗ ಹೇಳಾಕ ಇಷ್ಟು ದೂರ ಯಾಕ ಬಂದ್ರಿ? ಯಾರ ಮುಂದ ಅಂದಿದ್ರಿ, ಅವರ ಮುಂದ ಹೇಳ್ರಿ. ಪಾಟೀಲರಿಗೆ ಹೇಳ್ರಿ. ನನ್ನ ಕಣ್ಣಿಗೇನೂ ಆಗಿಲ್ಲ ಅಂತ ಹೇಳ್ರಿ.”

“ಈ ವಾರದಾಗ ಹೇಳ್ತೇನಿ ಚಾಚಾ.”

“ಹೇಳ್ರಿ,” ಎಂದರು. “ಚಹಾ ಆರತೈತಿ.”

ಆ ವಾರ ಪಾಟೀಲರು ಊರಲ್ಲಿರಲಿಲ್ಲ. ಇದ್ದರೇನೋ, ನಾನು ವಿಚಾರಿಸಲಿಲ್ಲ. ಮುಂದಿನ ವಾರ ನನಗೆ ನೆಗಡಿ. ಅದರ ಮುಂದಿನ ವಾರ ಕಬ್ಬಿನ ಹಂಗಾಮು, ಹಳಿಯಾಳದ ರಸ್ತೆಯ ತುಂಬ ಟ್ರ್ಯಾಕ್ಟರು, ಬಸ್ಸು ತಡವಾಗುತ್ತದೆಂಬ ನೆಪ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಇಂಥದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂಬ ಗೌರವಸ್ಥ ವಿಚಾರ ಬಂತು. ಹೇಡಿತನಕ್ಕೆ ಇಷ್ಟು ಒಳ್ಳೆಯ ಕನ್ನಡ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗರಗಸ, ಮಳೆ, ಬೆಂಕಿ, ಕೀಲಿ, ಎಲ್ಲದರ ಚಿಂತೆ ಮಾಡಿದವನಿಗೆ, ಎಪ್ಪತ್ತು ದಾಟಿದ ಮನುಷ್ಯ ಸಾಯಬಹುದೆಂಬ ಒಂದು ಚಿಂತೆ ಮಾತ್ರ ಹೊಳೆಯಲಿಲ್ಲ.

ಒಂದು ದಿನ ಮಿಲ್ಲಿನ ಭೋಂಗಾ ಊದುವ ಹೊತ್ತಿಗೆ ಬಸಪ್ಪ ಬಂದು ಚಾಚಾ ಹೋದರೆಂದು ಹೇಳಿದ. ಹಿಂದಿನ ದಿನವೇ ಮಣ್ಣಾಗಿತ್ತು.

ಅವತ್ತೇ, ಅಲ್ಲೇ, ಬಸಪ್ಪನಿಗೂ ರಫೀಕನಿಗೂ ಹೇಳಿದೆ. ರಫೀಕ ನನ್ನನ್ನು ನೋಡುತ್ತ ನಿಂತ. ಬಸಪ್ಪ ಹತರಿ ಹೊಡೆದು ಹಲಗೆ ನುಣುಪು ಮಾಡುತ್ತಿದ್ದವನು ತಲೆ ಎತ್ತಲಿಲ್ಲ.

“ನನಗ ಗೊತ್ತಿತ್ರಿ. ನೀವು ಬೆಣಿ ಹೊಡಿಯೂದು ಕಿಡಕ್ಯಾಗಿಂದ ನೋಡಿದ್ದೆ. ಬರೇ ಬಿಗಿ ಮಾಡಾಕತ್ತೀರಿ ಅನ್ಕೊಂಡೆ.”

“ಮತ್ತ ಆಮ್ಯಾಲೆ ಯಾಕ ಹೇಳ್ಲಿಲ್ಲೋ?”

“ಹೇಳಾವ ಇದ್ದೆ. ಚಾಚಾನೇ ಸುಮ್ಮನಿರು ಅಂದ್ರು.” ಹತರಿಯ ಬಾಯಿಯಿಂದ ಸುರುಳಿ ಸಿಪ್ಪೆ ಬಿಡಿಸಿ ಎಸೆದ. “ಸಾಹೇಬ್ರು ತಾವ ಹೇಳ್ತಾರ, ಅವರಿಗೆ ಸ್ವಲ್ಪ ಟೈಮ್ ಹಿಡಿತೈತಿ ಅಂದ್ರು.”

ಮರುದಿನ ಶೆಡ್ಡಿನಿಂದ ಒಂದು ಗಾಲಿಯನ್ನು ಹೊರತೆಗೆದು, ರಫೀಕನ ಕೈಲಿ ಬಸ್ ನಿಲ್ದಾಣದ ತನಕ ಹೊರಿಸಿ, ಹಳಿಯಾಳದ ಬಸ್ಸು ಹತ್ತಿಸಿದೆ. ಸಿಮೆಂಟಿನ ಡಬ್ಬಿ ದಾರಿಗಡ್ಡವಾಗಿ ಕೂತಿತು. ಕಂಡಕ್ಟರು ಅದನ್ನು ಬೂಟಿನಿಂದ ತಟ್ಟಿ ನೋಡಿದ.

“ಏನ್ರಿ ಇದು?”

“ಗಾಲಿ.”

“ಗಾಲಿ ಇದ್ರ ಬಸ್ಸಿನ್ಯಾಗ ಯಾಕ ತಂದ್ರಿ, ನೂಕ್ಕೊಂಡು ಹೋಗೂದಿತ್ತಲ್ಲ?” ಎಂದು ಹಿಂದಿನ ಸೀಟಿನವರನ್ನೆಲ್ಲ ನಗಿಸಿ, ನನಗೊಂದು ಟಿಕೀಟು, ಗಾಲಿಗೊಂದು ಟಿಕೀಟು ಹರಿದುಕೊಟ್ಟ.

ಪಾಟೀಲರ ವರ್ಕ್‌ಶಾಪಿನಲ್ಲಿ ಐದಾರು ಜನ ಕೆಲಸದಲ್ಲಿದ್ದರು. ಅವರು ಹೊರಗೆ ಹೋಗಲಿ ಎಂದು ಕಾಯಬೇಕೆನಿಸಿತು. ಕಾಯಲಿಲ್ಲ. ಬೆಣೆಯನ್ನು ಪಾಟೀಲರ ಮುಂದಿಟ್ಟು, ನಿಂತುಕೊಂಡೇ ಹೇಳಿದೆ. ಹತರಿಗಳ ಸದ್ದು ಒಂದೊಂದಾಗಿ ನಿಂತಿತು.

ಪಾಟೀಲರು ಬೆಣೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. “ಅವರು ಇದ್ದಾಗ ಹೇಳಿದ್ರ ಏನ ಆಗ್ತಿತ್ರಿ?”

ಬೆಣೆಯನ್ನು ಮೇಜಿನ ಮೇಲಿಟ್ಟು ಅವರೇ ಮುಂದುವರಿಸಿದರು.

“ಈಗ ಹೇಳಾಕ ಹಗುರ ಐತಲ್ರಿ.”

“ಹೌದ್ರಿ. ಹಗುರ ಐತಿ.”

ಪಾಟೀಲರು ಮೇಜಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಬದಿಗೆ ಸರಿಸಿದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. “ಮುಂಡಗೋಡಿಗೆ ಹೋಗೂಕಿಂತ ಮೊದಲ ಒಮ್ಮೆ ಬಂದು ಅಲ್ಲೆ ನಿಂತಿದ್ರು. ಒಂದ ಗಾಲಿ ತಂದಿಡ್ತೇನಿ, ಓಡಿಸಿ ನೋಡ್ರಿ, ಬ್ಯಾಡಾದ್ರ ವಾಪಸ್ ಒಯ್ತೇನಿ ಅಂದ್ರು. ನಾ ಬ್ಯಾಡ ಅಂದೆ. ಕುಂದರ್ರಿ ಅಂತ ಸೈತ ಅನ್ನಲಿಲ್ಲ.” ಬೆಣೆಯನ್ನು ನನ್ನ ಕಡೆ ನೂಕಿದರು. “ನಿಮ್ಮ ಮಾತು ಕೇಳಿ.”

ಆಮೇಲೆ ಅವರೇ ಎದ್ದು ಗಾಲಿಯನ್ನು ಗರಗಸದ ಆಚೆ ಬದಿಗೆ ಹೊತ್ತು ನಿಲ್ಲಿಸಿದರು. ನಾನು ಕೈ ಹಚ್ಚಲು ಹೋದೆ, ಬೇಡವೆಂದರು. “ಎತ್ತರ ಎಷ್ಟು?” ಎಂದು ಮಾತ್ರ ಕೇಳಿದರು.

ಚಾಚಾರ ಗೆರೆ ನನ್ನ ಮೇಜಿನದು, ಇಲ್ಲಿಯ ಮೇಜು ಬೇರೆ. ಜೇಬಿನಿಂದ ಗಾಲಿಯ ಟಿಕೀಟು ತೆಗೆದು ಉಗುರಿನಿಂದ ಗೀರಿ ನಾಲ್ಕು ಸಲ ಮಡಚಿದೆ. ಮೇಜಿನಿಂದ ಪಟ್ಟಿ ಚಾಚಿ, ಅದರ ಕೆಳಗೆ ತೂರಿಸಿದೆ. ಪಾಟೀಲರು ಕಂಬವನ್ನು ಕೂದಲೆಳೆಯಷ್ಟು ಇಳಿಸಿದರು. ಟಿಕೀಟು ಸಿಕ್ಕಿಕೊಳ್ಳದೆ, ಜಾರಿಯೂ ಬೀಳದೆ ನಿಂತಿತು. ಅವರು ಕಂಬದ ಬೋಲ್ಟು ಬಿಗಿದು, ಕಿವಿಯ ಮೇಲಿನ ಪೆನ್ಸಿಲು ತೆಗೆದು, ಹಳೆಯ ಗೆರೆಯನ್ನು ಅಳಿಸದೆ ಅದರ ಪಕ್ಕದಲ್ಲೊಂದು ಗೆರೆ ಎಳೆದರು.

ಹತ್ತಡಿಯ ಹಲಗೆ ತಂದರು. ಮಷಿನ್ನು ಚಾಲೂ ಆಯಿತು. ತೊಟ್ಟಿಲು ಸರಿ ಕೂತಿದೆಯೋ ಇಲ್ಲವೋ, ಇನ್ನೊಮ್ಮೆ ಬಗ್ಗಿ ನೋಡಬೇಕೆಂದು ನನ್ನ ಕೈ ಕಡಿಯತೊಡಗಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಹಲಗೆ ಬಂದು ಗಾಲಿಯ ಮೇಲೆ ಕೂತಿತು.